ಅಡ್ಡಸಾಲು ಕಾಣುತ್ತದೆ, ಕಂಬಸಾಲು ಕಟ್ಟಬೇಕು

ಮೂರನೇ ತರಗತಿಯ ಮಗುವಿಗೆ ಐದರ ಮಗ್ಗಿ ಹೇಳು ಎಂದರೆ ಒಂದೇ ಉಸಿರಿಗೆ 'ಐದ ಹತ್ತಲೆ ಐವತ್ತು' ಎಂದು ಮುಗಿಸಿ ಕೈಕಟ್ಟಿ ನಿಲ್ಲುತ್ತದೆ. ಅದೇ ಮಗುವಿನ ಮುಂದೆ ಸಾಲಿಗೆ ಐದರಂತೆ ಆರು ಸಾಲು ಚುಕ್ಕಿ ಇಟ್ಟ ಹಾಳೆ ಹಿಡಿದು ಒಟ್ಟು ಎಷ್ಟು ಎಂದು ಕೇಳಿ ನೋಡಿ. 'ಎಣಸ್ಲೇನ್ರಿ ಸರ್?' ಎನ್ನುತ್ತ ತೋರುಬೆರಳು ಮೊದಲ ಚುಕ್ಕಿಯ ಮೇಲೆ ಕೂರುತ್ತದೆ. ಒಂದು, ಎರಡು, ಮೂರು. ಇಪ್ಪತ್ತರ ಆಚೆ ಎಲ್ಲೋ ಬೆರಳು ಒಂದು ಚುಕ್ಕಿ ಹಾರುತ್ತದೆ, ಲೆಕ್ಕ ತಪ್ಪುತ್ತದೆ, ಮತ್ತೆ ಮೊದಲಿಂದ ಶುರು. ಬಾಯಲ್ಲಿರುವ ಮಗ್ಗಿ ಈ ಚುಕ್ಕಿಗಳದ್ದೇ ಎಂಬುದು ಅದಕ್ಕೆ ಹೊಳೆದಿಲ್ಲ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಎಲ್ಲಿಯ ಪ್ರಾಥಮಿಕ ಶಾಲೆಯ ಮಾಸ್ತರರನ್ನು ಕೇಳಿದರೂ ಇದು ಹೊಸ ಸುದ್ದಿಯಲ್ಲ. ಆದರೆ ಇದು ಯಾಕೆ ಹೀಗೆ ಎಂಬ ಪ್ರಶ್ನೆಗೆ ಮೂರು ದಶಕಗಳಿಂದ ಲೋಕದ ಬೇರೆ ಬೇರೆ ಕಡೆ ಉತ್ತರ ಹುಡುಕಿದ್ದಾರೆ. ನಮ್ಮ ಸೀಮೆಯ ನೆಲದಲ್ಲೂ ಹೊಲದಲ್ಲೂ ಬೇರೊಂದು ರೀತಿಯ ಉತ್ತರ ಬಿದ್ದುಕೊಂಡಿದೆ. ಎರಡನ್ನೂ ಒಟ್ಟಿಗಿಟ್ಟು ನೋಡುವುದು ಈ ಲೇಖನದ ಕೆಲಸ.

ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ವಸ್ತುಗಳನ್ನು ಜೋಡಿಸುವುದು ಶಾಲೆಯ ಗಣಿತದಲ್ಲಿ ಒಂದು ಸಣ್ಣ ಪಾಠ. ಅದರ ಮೇಲೆ ಹೊರಿಸಿರುವ ಹೊರೆ ಮಾತ್ರ ದೊಡ್ಡದು. ಗುಣಾಕಾರಕ್ಕೆ ಅರ್ಥ ಬರುವುದು ಅಲ್ಲಿ, ಭಾಗಾಕಾರ ಅದರ ಬೆನ್ನಿಗೇ ಇದೆ, ಮುಂದೆ ವಿಸ್ತೀರ್ಣ, ಕೋಷ್ಟಕ, ನಕ್ಷೆ, ಪ್ರೌಢಶಾಲೆ ದಾಟಿದರೆ ಮಾತೃಕೆ, ಕಂಪ್ಯೂಟರಿನ ಎಕ್ಸೆಲ್ ಹಾಳೆ. ಅಮೆರಿಕದ ಬಹುಪಾಲು ರಾಜ್ಯಗಳು ಒಪ್ಪಿಕೊಂಡ 2010ರ ಪಠ್ಯಕ್ರಮ ಎರಡನೇ ತರಗತಿಗೆ ಐದು ಸಾಲು, ಐದು ಕಂಬಸಾಲಿನ ಮಿತಿ ಹಾಕಿ ಇದನ್ನು ಶುರುಮಾಡುತ್ತದೆ. ಇಂಗ್ಲೆಂಡಿನಲ್ಲೂ ಆರೇಳು ವರ್ಷದ ಮಕ್ಕಳಿಗೇ ಇದು ಬರುತ್ತದೆ. ನಮ್ಮಲ್ಲಿ ಎರಡು-ಮೂರನೇ ತರಗತಿಯಲ್ಲಿ ಮತ್ತೆ ಮತ್ತೆ ಕೂಡುವ ಲೆಕ್ಕವಾಗಿ, ಹೂಕುಂಡಗಳ ಚಿತ್ರವಾಗಿ ಬಂದು ಬೇಗ ಮಗ್ಗಿಗೆ ದಾರಿ ಬಿಡುತ್ತದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿಪುಣ್ ಭಾರತ್ ಯೋಜನೆ, ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು ಮತ್ತು ಅಂಕಿಯ ಬುನಾದಿ ಇರಬೇಕೆಂದು 2026-27ರ ಗಡುವು ಇಟ್ಟಿದೆ. ಗಡುವು ಹತ್ತಿರ ಬಂದಂತೆಲ್ಲ ಮಗ್ಗಿಯ ಬಾಯಿಪಾಠಕ್ಕೆ ಅವಸರ ಹೆಚ್ಚುತ್ತದೆ, ಸಾಲು ಜೋಡಿಸುವ ಆಟಕ್ಕೆ ಸಮಯ ಕಡಿಮೆಯಾಗುತ್ತದೆ. ತೊಂದರೆ ಹುಟ್ಟುವುದು ಅಲ್ಲೇ.

ಸಂಶೋಧಕರು ಏನು ಕಂಡರು? ಆಸ್ಟ್ರೇಲಿಯಾದ ಲಿನ್ ಔಟ್ರೆಡ್ ಮತ್ತು ಮೈಕಲ್ ಮಿಚೆಲ್ಮೋರ್ ಒಂದರಿಂದ ನಾಲ್ಕನೇ ತರಗತಿಯ 115 ಮಕ್ಕಳಿಗೆ ಆಯತಗಳನ್ನೂ ಚೌಕದ ಬಿಲ್ಲೆಗಳನ್ನೂ ಕೊಟ್ಟು, ಆಯತ ಮುಚ್ಚಲು ಎಷ್ಟು ಚೌಕ ಬೇಕು, ಚಿತ್ರ ಬರೆದು ತೋರಿಸಿ ಎಂದು ಕೇಳಿದರು. 2000ದಲ್ಲಿ ಪ್ರಕಟವಾದ ಅವರ ಬರಹವನ್ನು ಓದಿದ ಯಾರಿಗೂ ತಮ್ಮ ತರಗತಿಯ ಪಾಟಿಗಳು ನೆನಪಾಗದೆ ಇರವು. ಚಿಕ್ಕ ಮಗು ಚೌಕಗಳನ್ನು ಒಂದೊಂದಾಗಿ ಬರೆಯುತ್ತದೆ. ಅಂಚಿನ ಸುತ್ತ ಮೊದಲು, ಆಮೇಲೆ ನಡುವೆ. ನಡುವಿನವು ಕುಗ್ಗುತ್ತವೆ, ಓರೆಯಾಗುತ್ತವೆ, ಕೆಲವು ಕಡೆ ಜಾಗ ಉಳಿಯುತ್ತದೆ, ಕೆಲವು ಕಡೆ ಒಂದರ ಮೇಲೊಂದು ಏರುತ್ತವೆ. ಸ್ವಲ್ಪ ಬೆಳೆದ ಮಗು ಸಾಲುಸಾಲಾಗಿ ಬರೆಯುತ್ತದೆ, ಆದರೆ ಮೊದಲ ಸಾಲಿನಲ್ಲಿ ಐದು ಚೌಕ, ಎರಡನೆಯದರಲ್ಲಿ ಆರು. ಎಲ್ಲಕ್ಕಿಂತ ಕೊನೆಗೆ ಬರುವುದು ಆಯತದ ಈ ಅಂಚಿನಿಂದ ಆ ಅಂಚಿಗೆ ಒಂದೇ ಗೆರೆ ಎಳೆದು, ಮೇಲಿಂದ ಕೆಳಕ್ಕೂ ಹಾಗೇ ಎಳೆದು ಮುಗಿಸುವ ಚಿತ್ರ. ಈ ಗೆರೆ ಎಳೆದ ಮಗುವಿಗೆ ಗುಣಾಕಾರ ದೂರವಿಲ್ಲ. ಬಿಡಿ ಚೌಕ ಬರೆಯುತ್ತಿರುವ ಮಗುವಿಗೆ ಇಪ್ಪತ್ತರ ತನಕ ಮಗ್ಗಿ ಕಲಿಸಿದರೂ ಅದು ಬೇರೆ ಡಬ್ಬಿಯಲ್ಲೇ ಇರುತ್ತದೆ.

ಇದಕ್ಕೆ ಎರಡು ವರ್ಷ ಮೊದಲು, 1998ರಲ್ಲಿ, ಅಮೆರಿಕದ ಮೈಕಲ್ ಬ್ಯಾಟಿಸ್ಟಾ, ಡಗ್ಲಸ್ ಕ್ಲೆಮೆಂಟ್ಸ್ ಮತ್ತು ಸಂಗಡಿಗರು ಎರಡನೇ ತರಗತಿಯ ಮಕ್ಕಳು ಚೌಕಗಳ ಜೋಡಣೆಯನ್ನು ಎಣಿಸುವುದನ್ನು ಕೂತು ಗಮನಿಸಿದ್ದರು. ಸಾಲು ಅಲ್ಲೇ ಕಣ್ಣೆದುರು ಇದ್ದರೂ ಕೆಲವು ಮಕ್ಕಳು ಸುತ್ತು ಹಾಕುತ್ತ ಒಳಗೆ ಹೋಗುತ್ತ ಎಣಿಸಿದರು, ಎಣಿಸಿದ್ದನ್ನೇ ಮತ್ತೆ ಎಣಿಸಿದರು. ಆರು ಸಾಲು, ಐದು ಕಂಬಸಾಲಿನ ಜೋಡಣೆಯ ಅಂಚಿನ ಚೌಕಗಳನ್ನು ನಾಲ್ಕು ಬದಿಯಾಗಿ ಎಣಿಸಿದರೆ 6, 5, 6, 5 ಕೂಡಿ 22 ಬರುತ್ತದೆ. ನಿಜಕ್ಕೂ ಇರುವುದು 18. ನಾಲ್ಕು ಮೂಲೆಗಳು ಎರಡೆರಡು ಸಲ ಲೆಕ್ಕಕ್ಕೆ ಸಿಕ್ಕಿವೆ. ಮೂಲೆಯ ಚೌಕ ಒಂದು ಅಡ್ಡಸಾಲಿಗೂ ಸೇರಿದೆ, ಒಂದು ಕಂಬಸಾಲಿಗೂ ಸೇರಿದೆ ಎಂಬುದು ದೊಡ್ಡವರಿಗೆ ಹೇಳಬೇಕಾದ ಮಾತೇ ಅಲ್ಲ. ಏಳು ವರ್ಷದ ಮಗುವಿಗೆ ಒಂದು ವಸ್ತು ಏಕಕಾಲಕ್ಕೆ ಎರಡು ಗುಂಪಿನಲ್ಲಿರುವುದೇ ಒಪ್ಪಲಾರದ ಸಂಗತಿ. ಬ್ಯಾಟಿಸ್ಟಾ ಅವರ ಗುಂಪು ಒತ್ತಿಹೇಳಿದ್ದು ಇದನ್ನೇ: ಸಾಲು-ಕಂಬಸಾಲಿನ ವ್ಯವಸ್ಥೆ ಚಿತ್ರದಲ್ಲಿ ಸಿದ್ಧವಾಗಿ ಕೂತಿರುವುದಿಲ್ಲ, ನೋಡುವವರು ಮನಸ್ಸಿನಲ್ಲಿ ಅದನ್ನು ಕಟ್ಟಿಕೊಳ್ಳಬೇಕು. ಚಿತ್ರ ತೋರಿಸಿದ ಮಾತ್ರಕ್ಕೆ ಕಲಿಸಿದಂತಾಗುವುದಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಶಹಾಬಾದ್, ವಾಡಿ, ಚಿತ್ತಾಪುರದ ನೆಲದಡಿ ಇರುವ ಸುಣ್ಣಕಲ್ಲು ಪದರಪದರವಾಗಿ ಸೀಳಿ ಬರುತ್ತದೆ. ಆ ಗುಣದಿಂದಲೇ ಅದು ಶಹಾಬಾದ್ ಕಲ್ಲು ಎಂಬ ಹೆಸರಿನಲ್ಲಿ ಊರೂರಿನ ಮನೆ, ಶಾಲೆ, ರೈಲು ನಿಲ್ದಾಣಗಳ ನೆಲವಾಯಿತು. ಅದೇ ಸುಣ್ಣಕಲ್ಲು ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಕಚ್ಚಾ ಮಾಲು. ಈ ಸೀಮೆಯ ಮಗು ಅಂಬೆಗಾಲಿಡುವುದೇ ಫರ್ಸಿ ಎನ್ನುವ ಈ ಹಾಸುಗಲ್ಲಿನ ಚೌಕಗಳ ಮೇಲೆ. ಶಾಲೆಗೆ ಬಂದರೆ ಕೂರುವುದೂ ಅದರ ಮೇಲೆಯೇ. ಹಾಗಿದ್ದೂ ಹಾಳೆಯ ಚುಕ್ಕಿ ಕಂಡಾಗ ಬೆರಳಿಟ್ಟು ಎಣಿಸುತ್ತದೆ. ಇದರಲ್ಲಿ ಅಚ್ಚರಿ ಏನೂ ಇಲ್ಲ. ಮಗು ನೆಲ ನೋಡಿದೆ, ನೆಲ ಹಾಸಿಲ್ಲ.

ಹಾಸುವವನು ಗೌಂಡಿ. ಅವನ ಕೆಲಸವನ್ನು ಹತ್ತಿರದಿಂದ ನೋಡಿದರೆ ಪಾಠದ ಕ್ರಮವೇ ಸಿಗುತ್ತದೆ. ಕೋಣೆಗೆ ಬಂದವನು ಮೂಲೆಯಿಂದ ಕಲ್ಲಿಡುತ್ತ ಹೋಗುವುದಿಲ್ಲ. ಮೊದಲು ಗೋಡೆಗಳು ನೆಟ್ಟಗಿವೆಯೇ ಎಂದು ಮೂಲೆಮಟ್ಟ ಹಿಡಿದು ನೋಡುತ್ತಾನೆ; ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆಮೇಲೆ ಉದ್ದಕ್ಕೊಂದು, ಅಡ್ಡಕ್ಕೊಂದು ದಾರ ಬಿಗಿಯುತ್ತಾನೆ. ಒಂದು ದಾರದ ಗುಂಟ ಒಂದು ಸಾಲು ಕಲ್ಲು, ಇನ್ನೊಂದರ ಗುಂಟ ಇನ್ನೊಂದು ಸಾಲು. ಎರಡೂ ಕೂಡುವ ಮೂಲೆಗೆ ಇರುವುದು ಒಂದೇ ಕಲ್ಲು. ಈ ಎರಡು ಸಾಲು ಸರಿ ಕೂತವೆಂದರೆ ಉಳಿದ ಕಲ್ಲುಗಳಿಗೆ ಜಾಗ ಹುಡುಕಬೇಕಾಗಿಲ್ಲ, ಪ್ರತಿಯೊಂದರ ಎರಡು ಬದಿ ಆಗಲೇ ನಿಶ್ಚಯವಾಗಿರುತ್ತದೆ. ಎರಡಡಿ ಚೌಕದ ಕಲ್ಲು, ಹನ್ನೆರಡಡಿ-ಹತ್ತಡಿಯ ಕೋಣೆ ಎಂದರೆ ಒಂದು ದಾರಕ್ಕೆ ಆರು, ಇನ್ನೊಂದಕ್ಕೆ ಐದು. ಮೂವತ್ತು ಕಲ್ಲು ಎನ್ನಲು ಮೂವತ್ತನ್ನೂ ಹಾಸಿ ನೋಡಬೇಕಿಲ್ಲ; ಮೂಲೆಯ ಕಲ್ಲು ಎರಡೂ ಕಡೆ ಸೇರಿದ್ದರಿಂದ ಈವರೆಗೆ ಹಾಸಿದ್ದು ಹತ್ತೇ.

ತರಗತಿಯಲ್ಲಿ ಮಾಡಬೇಕಾದ್ದೂ ಇಷ್ಟೇ. ಮೂವತ್ತು ಚುಕ್ಕಿಯ ಹಾಳೆಯ ಮೇಲೆ ಇನ್ನೊಂದು ಹಾಳೆ ಇಟ್ಟು, ಮೇಲಿನ ಒಂದು ಅಡ್ಡಸಾಲು ಮತ್ತು ಎಡಗಡೆಯ ಒಂದು ಕಂಬಸಾಲು ಮಾತ್ರ ಕಾಣುವಂತೆ ಬಿಟ್ಟು ಒಟ್ಟು ಎಷ್ಟು ಎಂದು ಕೇಳುವುದು. ಮುಚ್ಚಿದ ಚುಕ್ಕಿಯ ಮೇಲೆ ಬೆರಳಿಡಲು ಬರುವುದಿಲ್ಲ. ಆಗ ಮಗು ಯೋಚನೆಗೆ ಬೀಳುತ್ತದೆ. ಮೊದಮೊದಲು ಹತ್ತು ಎನ್ನುತ್ತದೆ, ಕೆಲವು ಮಕ್ಕಳು ಹನ್ನೊಂದು ಎನ್ನುತ್ತವೆ, ಮೂಲೆ ಎರಡು ಸಲ ಬಂತು. ಆ ಹನ್ನೊಂದನ್ನು ತಪ್ಪು ಎಂದು ಒರೆಸಿ ಹಾಕುವ ಮೊದಲು ಮೂಲೆಯ ಚುಕ್ಕಿ ಯಾರದು ಎಂದು ಕೇಳಿದರೆ ಅರ್ಧ ಪಾಠ ಅಲ್ಲೇ ಆಗುತ್ತದೆ.

ಇನ್ನೊಂದು ಸಂಗತಿ, ಪುಸ್ತಕಗಳು ಸಾಮಾನ್ಯವಾಗಿ ಹೇಳದೆ ಬಿಡುವುದು: ಸಾಲು ಇದ್ದಲ್ಲೆಲ್ಲ ಕಂಬಸಾಲು ಇರುವುದಿಲ್ಲ. ತೊಗರಿ ಈ ಜಿಲ್ಲೆಯ ಬೆಳೆ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಗುರುತು ಕೂಡ ಸಿಕ್ಕಿತು. ಕೂರಿಗೆಯಲ್ಲಿ ಬಿತ್ತಿದ ತೊಗರಿ ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಸಾಲು ದಾರ ಹಿಡಿದಂತಿರುತ್ತದೆ. ಆದರೆ ಒಂದು ಸಾಲಿನ ಗಿಡಕ್ಕೂ ಪಕ್ಕದ ಸಾಲಿನ ಗಿಡಕ್ಕೂ ಒಪ್ಪಂದವಿಲ್ಲ, ಬೀಜ ಎಲ್ಲಿ ಬಿತ್ತೋ ಅಲ್ಲಿ ಹುಟ್ಟಿದೆ. ಎಡೆ ಹೊಡೆಯುವುದು ಸಾಲಿನ ಗುಂಟ ಮಾತ್ರ ಸಾಧ್ಯ. ಉದ್ದಕ್ಕೂ ಅಡ್ಡಕ್ಕೂ ಗೆರೆ ಹೊಡೆದು, ಗೆರೆ ಕೂಡಿದಲ್ಲಿ ಕೈಯಿಂದ ಊರಿದ ಹತ್ತಿಯಲ್ಲಾದರೆ ಎರಡೂ ದಿಕ್ಕಿನಿಂದ ಎಡೆ ಹೊಡೆಯಬಹುದು. ಮೊದಲನೆಯದು ಬರೀ ಸಾಲು, ಎರಡನೆಯದು ಸಾಲೂ ಹೌದು ಕಂಬಸಾಲೂ ಹೌದು. ನೆಲದಲ್ಲೂ ಹಾಗೆಯೇ: ಸಂದಿಗೆ ಸಂದಿ ಕೂಡುವಂತೆ ಹಾಸಿದ ಫರ್ಸಿಯಲ್ಲಿ ಎರಡೂ ಇವೆ, ಇಟ್ಟಿಗೆ ಗೋಡೆಯಂತೆ ಅರ್ಧರ್ಧ ಸರಿಸಿ ಹಾಸಿದಲ್ಲಿ ಅಡ್ಡಸಾಲು ಉಳಿದು ಕಂಬಸಾಲು ಒಡೆದುಹೋಗುತ್ತದೆ. ಚುಕ್ಕಿ ರಂಗೋಲಿ ಹಾಕುವ ಹೆಣ್ಣುಮಕ್ಕಳಿಗೆ ಈ ಭೇದ ಚೆನ್ನಾಗಿ ಗೊತ್ತು. ನೇರ ಚುಕ್ಕಿ ಬೇರೆ, ಸಂದು ಚುಕ್ಕಿ ಬೇರೆ, ಒಂದಕ್ಕೆ ಹೇಳಿದ ಎಳೆ ಇನ್ನೊಂದರಲ್ಲಿ ಕೂಡಿಬರುವುದಿಲ್ಲ.

ಸನ್ನತಿಯಲ್ಲಿ ಈ ಭೇದಕ್ಕೆ ಎರಡು ಸಾವಿರ ವರ್ಷ ಮೀರಿದ ಉದಾಹರಣೆ ಇದೆ. ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಬ್ರಾಹ್ಮಿ ಲಿಪಿಯ ಪ್ರಾಕೃತ, ಕಲ್ಲಿನ ಎರಡೂ ಮುಖದಲ್ಲಿ ಸಾಲುಸಾಲಾಗಿ ಕೊರೆದದ್ದು. ಹನ್ನೆರಡು ಮತ್ತು ಹದಿನಾಲ್ಕನೆಯ ಶಿಲಾಶಾಸನ ಹಾಗೂ ಎರಡು ಪ್ರತ್ಯೇಕ ಶಾಸನಗಳ ಭಾಗ. ಅಕ್ಷರಗಳು ಅಡ್ಡಸಾಲಿನಲ್ಲಿವೆ, ಒಂದರ ಕೆಳಗೆ ಒಂದು ಬರಬೇಕೆಂಬ ಹಟ ಶಾಸನ ಕೊರೆದವನಿಗಿಲ್ಲ. ಬರವಣಿಗೆಗೆ ಕಂಬಸಾಲು ಬೇಡ. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ, 1990ರ ದಶಕದಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆ ಅಗೆದು ತೆಗೆದ ಶಿಲಾಫಲಕಗಳ ಕಥೆ ಬೇರೆ. ಸ್ತೂಪದ ಸುತ್ತ ಒಂದರ ಪಕ್ಕ ಒಂದು ನಿಲ್ಲಿಸಿದ ಫಲಕಗಳು, ಹಲವದರಲ್ಲಿ ಮೇಲೊಂದು ದೃಶ್ಯ ಕೆಳಗೊಂದು ದೃಶ್ಯ. 'ರಾಯ ಅಸೋಕೋ' ಎಂಬ ಬರಹವಿರುವ ಪ್ರಸಿದ್ಧ ಫಲಕ ಸಿಕ್ಕಿದ್ದು ಇಲ್ಲಿಯೇ. ಮೇಲಿನ ದೃಶ್ಯಗಳ ಸಾಲು, ಕೆಳಗಿನ ದೃಶ್ಯಗಳ ಸಾಲು, ಒಂದೊಂದು ಫಲಕ ಒಂದೊಂದು ಕಂಬಸಾಲು. ಸ್ತೂಪ ದುಂಡಗಿರುವುದರಿಂದ ಯಾವುದು ಮೊದಲ ಕಂಬಸಾಲು, ಯಾವುದು ಕೊನೆಯದು ಎಂಬುದು ನೀವು ಎಲ್ಲಿಂದ ಸುತ್ತಲು ಶುರುಮಾಡುತ್ತೀರಿ ಎನ್ನುವುದರ ಮೇಲೆ. ಸುತ್ತಲಿನ ಶಾಲೆಗಳು ಸನ್ನತಿಗೆ ಪ್ರವಾಸ ಬಂದರೆ ಇತಿಹಾಸದ ಟಿಪ್ಪಣಿಯ ಜತೆ ಗಣಿತದ್ದೂ ಒಂದು ಪ್ರಶ್ನೆ ಕೇಳಲು ಇಲ್ಲಿ ಜಾಗವಿದೆ: ಇಲ್ಲಿ ಎಲ್ಲೆಲ್ಲಿ ಸಾಲು ಮಾತ್ರ ಇದೆ, ಎಲ್ಲೆಲ್ಲಿ ಎರಡೂ ಇದೆ?

ಈ ಭೇದ ಏಕೆ ಮುಖ್ಯವೆಂದರೆ, ಗುಣಾಕಾರಕ್ಕೆ ಸಮ ಸಾಲುಗಳಿದ್ದರೆ ಸಾಕು, ಕಂಬಸಾಲು ಬೇಕೆಂದೇನೂ ಇಲ್ಲ. ಅರ್ಧರ್ಧ ಸರಿಸಿಟ್ಟ ಐದರ ಆರು ಸಾಲೂ ಮೂವತ್ತೇ. ಕಂಬಸಾಲು ಕೂಡಿಬಂದಾಗ ಹೊಸದಾಗಿ ಸಿಗುವುದು ಇನ್ನೊಂದು: ಐದು ಆರಾಗಿ, ಆರು ಐದಾಗಿ ಅದೇ ಮೂವತ್ತನ್ನು ನೋಡುವ ಹಕ್ಕು. ಹತ್ತರ ತನಕದ ಮಗ್ಗಿಯಲ್ಲಿ ನೂರು ಮನೆಗಳಿದ್ದರೂ ಬಾಯಿಗೆ ಬರಬೇಕಾದವು 55 ಮಾತ್ರ, ಉಳಿದ 45 ಅವುಗಳದ್ದೇ ಮಗ್ಗುಲು ಬದಲಾವಣೆ. ಇದನ್ನು ಮೊದಲು ಕಂಡ ಮಗುವಿಗೆ ಏಳರ ಮಗ್ಗಿ, ಎಂಟರ ಮಗ್ಗಿಯ ಭಯ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಸಾಲು ಮೊದಲು ಬರಲಿ, ಕಂಬಸಾಲು ಆಮೇಲೆ, ಬೇಕಾದ ಹೊತ್ತಿಗೆ ಬರಲಿ ಎಂಬುದು ನನ್ನ ವಾದ. ಆದರೆ ಪಠ್ಯಪುಸ್ತಕ ಎರಡಕ್ಕೂ ಒಂದೇ ಪುಟದಲ್ಲಿ ಹೆಸರಿಟ್ಟು, 'ಅಡ್ಡಸಾಲು ಎಷ್ಟು? ಕಂಬಸಾಲು ಎಷ್ಟು?' ಎಂದು ಬಿಟ್ಟ ಸ್ಥಳ ತುಂಬಿಸುತ್ತದೆ.

ಹೆಸರಿನ ವಿಷಯದಲ್ಲಿ ಮಕ್ಕಳು ಗಲಿಬಿಲಿಗೊಳ್ಳಲು ಅವರ ದಡ್ಡತನ ಕಾರಣವಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಸಾಲು ಮಾಡಿ ಎಂದರೆ ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಾರೆ. ಅದೇ ಮಕ್ಕಳನ್ನು ಮೇಲಿಂದ ಹಾಳೆಯ ಮೇಲೆ ಬರೆದರೆ ಆ ಸಾಲು ಪುಸ್ತಕದ ಕಂಬಸಾಲಾಗುತ್ತದೆ. ಪಕ್ಕದ ಗೋಡೆಯ ಕಡೆಯಿಂದ ನೋಡುವವರಿಗೆ ಮತ್ತೆ ಅಡ್ಡಸಾಲು. ಗೋಡೆಯ ಕ್ಯಾಲೆಂಡರುಗಳಲ್ಲಿ ಅನೇಕದರಲ್ಲಿ ವಾರದ ಹೆಸರು ಎಡಬದಿಗೆ ಮೇಲಿಂದ ಕೆಳಗೆ ಇರುತ್ತದೆ, ತಾರೀಖು ಕೆಳಮುಖವಾಗಿ ಇಳಿಯುತ್ತದೆ. ಮುಂದಿನ ಸೋಮವಾರ ಬಲಕ್ಕೆ ಸಿಗುತ್ತದೆ. ಮೊಬೈಲಿನಲ್ಲಿ ತಾರೀಖು ಅಡ್ಡಕ್ಕೆ ಓಡುತ್ತದೆ, ಮುಂದಿನ ಸೋಮವಾರ ಕೆಳಗೆ ಸಿಗುತ್ತದೆ. ಎರಡೂ ಒಂದೇ ತಿಂಗಳು. ಶಹಾಬಾದ್, ವಾಡಿಯ ಉರ್ದು ಶಾಲೆಯ ಮಗುವಿಗಂತೂ ಹಾಳೆ ಬಲದಿಂದ ಶುರು, ಅದರ ಮೊದಲ ಕಂಬಸಾಲು ನಮ್ಮ ಕೊನೆಯದು. ಇಷ್ಟೆಲ್ಲ ಗೊಂದಲದ ನಡುವೆ ಹೆಸರಿನ ಪರೀಕ್ಷೆ ಮಾಡುವುದಕ್ಕಿಂತ ಎರಡು ಕ್ಯಾಲೆಂಡರುಗಳನ್ನು ಪಕ್ಕಪಕ್ಕ ತೂಗುಹಾಕಿ ಏಳು ದಿನ ಮುಂದೆ ಹೋಗು ಎನ್ನುವುದು ಮೇಲು. ಹೆಸರು ಬೇಕು, ಇಲ್ಲವೆಂದಲ್ಲ. ಕೈ ಕೆಲಸ ಮಾಡಿದ ಮೇಲೆ, ಹೇಳುವ ಅಗತ್ಯ ಬಿದ್ದಾಗ.

ಇದರ ಬೆನ್ನಿಗೇ ಬರುವ ಜಗಳ ಯಾವ ಅಂಕಿ ಮೊದಲು ಎಂಬುದು. ಆರು ಸಾಲು, ಸಾಲಿಗೆ ಐದು ಎಂದರೆ 6×5 ಬರೆಯಬೇಕೋ 5×6 ಬರೆಯಬೇಕೋ? ಜಪಾನಿನಲ್ಲಿ ಇದು ದೊಡ್ಡ ರಾದ್ಧಾಂತವೇ ಆಗಿದೆ. ಆರು ಮಕ್ಕಳಿಗೆ ತಲಾ ನಾಲ್ಕು ಕಿತ್ತಳೆ ಎಂಬ ಲೆಕ್ಕಕ್ಕೆ 6×4 ಎಂದು ಬರೆದ ಮಕ್ಕಳಿಗೆ ತಪ್ಪು ಹಾಕಿದ್ದು 1972ರಲ್ಲಿ ಅಲ್ಲಿನ ಪತ್ರಿಕೆಯಲ್ಲಿ ಸುದ್ದಿಯಾಗಿ, ವಾದ ಇಂದಿಗೂ ಮುಗಿದಿಲ್ಲ. ಅಲ್ಲಿನ ಶಾಲೆಯಲ್ಲಿ ತಲಾ ಎಷ್ಟು ಎಂಬುದು ಮೊದಲು ಬರಬೇಕು. ಅಮೆರಿಕದ ಪುಸ್ತಕಗಳಲ್ಲಿ ಎಷ್ಟು ಗುಂಪು ಎಂಬುದು ಮೊದಲು. ನಮ್ಮ ಮಗ್ಗಿಯ ಧಾಟಿ ಜಪಾನಿನ ಕಡೆ ವಾಲುತ್ತದೆ. ಐದರ ಮಗ್ಗಿಯಲ್ಲಿ ಐದು ನಿಂತಲ್ಲೇ ನಿಂತಿರುತ್ತದೆ, ಎಷ್ಟು ಸಲ ಎಂಬುದು ಏರುತ್ತ ಹೋಗುತ್ತದೆ. ಹಾಗೆಂದು ಅನುವಾದಗೊಂಡ ಚಿತ್ರದ ಕೆಳಗೆ 6×5 ಎಂದಿದ್ದರೆ ಮಗು ತಲೆ ಕೆರೆದುಕೊಳ್ಳದೆ ಏನು ಮಾಡೀತು? ಗುಂಪು ಯಾವುದು, ಗುಂಪಿನಲ್ಲಿ ಎಷ್ಟು ಎಂದು ಬಾಯಲ್ಲಿ ಸರಿಯಾಗಿ ಹೇಳಿದ ಮಗುವಿಗೆ ಬರೆದ ಕ್ರಮಕ್ಕಾಗಿ ಅಂಕ ಕಡಿಯುವುದು ನನಗೆ ಒಪ್ಪಿಗೆಯಿಲ್ಲ.

ಗುಣಾಕಾರದ ಮಾತು ಬಂದ ಮೇಲೆ ಸೇಡಂ ತಾಲ್ಲೂಕಿನ ಮಳಖೇಡದ ಹೆಸರು ಇಲ್ಲಿ ಬರಲೇಬೇಕು. ಕಾಗಿಣಾ ದಂಡೆಯ ಆ ಊರು ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಅವನನ್ನು ಸ್ತುತಿಸಿ ಮಹಾವೀರಾಚಾರ್ಯ ಬರೆದ ಸಂಸ್ಕೃತದ 'ಗಣಿತಸಾರಸಂಗ್ರಹ' ಗಣಿತವನ್ನು ಖಗೋಳದ ನೆರಳಿನಿಂದ ಬಿಡಿಸಿ ಅದಕ್ಕೇ ಮೀಸಲಾಗಿ ಬರೆದ ಗ್ರಂಥ. ಗುಣಾಕಾರದ ಮೊದಲ ಲೆಕ್ಕಗಳಲ್ಲಿ ಒಂದು, ಬಸದಿಗೆ ಎಂಟರಂತೆ 144 ಬಸದಿಗಳಿಗೆ ಅರ್ಪಿಸಿದ ತಾವರೆ ಎಷ್ಟು ಎಂಬುದು. ಗುಣಿಸಲು ಆತ ಹೆಸರಿಸುವ ನಾಲ್ಕು ದಾರಿಗಳಲ್ಲಿ ಎರಡು ಒಡೆದು ಗುಣಿಸುವ ದಾರಿಗಳು: ಸಂಖ್ಯೆಯನ್ನು ಬೇಕಾದ ತುಂಡುಗಳಾಗಿ ಒಡೆಯುವುದೊಂದು, ಸ್ಥಾನಗಳ ಪ್ರಕಾರ ಒಡೆಯುವುದೊಂದು. ಸ್ಥಾನದಂತೆ ಒಡೆದರೆ 144 ಎಂಬುದು ನೂರು, ನಲವತ್ತು, ನಾಲ್ಕು, ಎಂಟರಿಂದ ಗುಣಿಸಿದರೆ 800, 320, 32, ಕೂಡಿದರೆ 1152. ಇದನ್ನೇ ಎಂಟು ಅಡ್ಡಸಾಲಿನ ಉದ್ದನೆಯ ಆಯತವೊಂದಕ್ಕೆ ಎರಡು ಕಡೆ ಗೆರೆ ಎಳೆದು ಮೂರು ತುಂಡು ಮಾಡಿದಂತೆ ಬರೆದು ತೋರಿಸಬಹುದು. ಇಂದಿನ ಪುಸ್ತಕಗಳು ಹೊಸದೆಂದು ತರುವ ಆಯತದ ಚಿತ್ರದ ತಿರುಳು ಇದೇ. ಚಿತ್ರ ಮಹಾವೀರಾಚಾರ್ಯನದಲ್ಲ, ಒಡೆಯುವ ಬುದ್ಧಿ ಆತನದೂ ಹೌದು. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಮಾಲೆ ಬರುವಂಥ ಲೆಕ್ಕಗಳನ್ನೂ ಆತ ಇಟ್ಟಿದ್ದಾನೆ, ಮಕ್ಕಳು ಖುಷಿಪಡುತ್ತಾರೆ.

ಚಿಕ್ಕವರಿಗೆ ಒಡೆಯುವುದನ್ನು ಕಲಿಸಲು ಹಾಳೆ ಮಡಚಿದರೆ ಸಾಕು. ಏಳು ಸಾಲು, ಸಾಲಿಗೆ ಆರು ಗೊತ್ತಿಲ್ಲವೇ? ಐದನೇ ಸಾಲಿನ ಕೆಳಗೆ ಮಡಚು. ಮೇಲೆ ಮೂವತ್ತು, ಕೆಳಗೆ ಹನ್ನೆರಡು. ಮಗ್ಗಿ ಮರೆತ ಮಗುವಿಗೂ ಒಂದು ದಾರಿ ಉಳಿಯಿತು.

ಶಾಲೆಯ ವ್ಯವಸ್ಥೆ ಇದಕ್ಕೆ ಎಷ್ಟು ಅನುಕೂಲವಾಗಿದೆ? 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದ ನಲಿ-ಕಲಿ ಬೋಧನಾ ಪದ್ಧತಿಯ ಕೋಣೆಯಲ್ಲಿ ಮಕ್ಕಳು ಸಾಲಾಗಿ ಕೂರುವುದಿಲ್ಲ, ತಟ್ಟೆಗಳೆಂದು ಕರೆಯುವ ಗುಂಪುಗಳಲ್ಲಿ ದುಂಡಗೆ ಕೂರುತ್ತಾರೆ. ಆದರೆ ಗೋಡೆಯ ತುಂಬ ಕೋಷ್ಟಕ. ಹವಾಮಾನ ನಕ್ಷೆ, ಹಾಜರಿ, ಯಾವ ಮಗು ಯಾವ ಮೈಲಿಗಲ್ಲು ದಾಟಿತು ಎಂದು ತೋರಿಸುವ ಪ್ರಗತಿ ನೋಟ. ತನ್ನ ಹೆಸರಿನ ಸಾಲಿನಲ್ಲಿ ಬೆರಳಾಡಿಸಿ, ಮೇಲಿನಿಂದ ಇಳಿದು ಬರುವ ಮನೆಯಲ್ಲಿ ಗುರುತು ಹಾಕುವ ಒಂದನೇ ತರಗತಿಯ ಮಗು, ಒಂದು ಮನೆ ಎರಡು ಕಡೆಗೂ ಸೇರಿದ್ದು ಎಂಬುದನ್ನು ಆಗಲೇ ಬಳಸುತ್ತಿದೆ. ಆ ಬಳಕೆಗೂ ಎರಡು ವರ್ಷದ ನಂತರ ಬರುವ ಗುಣಾಕಾರದ ಚುಕ್ಕಿಗೂ ಯಾರೂ ಗಂಟು ಹಾಕುವುದಿಲ್ಲ. ಅಕ್ಷರ ಫೌಂಡೇಶನ್ನಿನ ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆ ಒಳ್ಳೆಯದು, ಕೈಗೆ ವಸ್ತು ಕೊಡುತ್ತದೆ. ಆದರೆ ಅದು ನಾಲ್ಕು-ಐದನೇ ತರಗತಿಗಾಗಿ ಮಾಡಿದ್ದು. ಸಾಲು ಹಾಕುವ ವಯಸ್ಸು ಅದಕ್ಕೂ ಮೊದಲೇ ಬಂದು ಹೋಗಿರುತ್ತದೆ. ತೊಗರಿ ಕಾಳು, ಹುಣಸೆ ಬೀಜಕ್ಕೆ ಪೆಟ್ಟಿಗೆ ಕಾಯಬೇಕಿಲ್ಲ. ಹನ್ನೆರಡು ಬೀಜ ಎಷ್ಟು ಬಗೆಯ ಆಯತವಾಗುತ್ತವೆ, ಹದಿಮೂರು ಯಾಕೆ ಒಂದೇ ಉದ್ದ ಸಾಲಾಗಿ ಹಟ ಹಿಡಿಯುತ್ತವೆ ಎಂದು ಎರಡನೆಯ ತರಗತಿಯಲ್ಲೇ ನೋಡಬಹುದು. ಎರಡು ಸಾಲು, ಸಾಲಿಗೆ ಏಳು ಗುಳಿಯ ಅಳಗುಳಿ ಮಣೆ, ಐದು-ಐದು ಮನೆಯ ಚೌಕಾಬಾರ, ಇವು ಇನ್ನೂ ಕೆಲವು ಅಂಗಳಗಳಲ್ಲಿ ಜೀವಂತ. ಗುಳಿಗೆ ನಾಲ್ಕರಂತೆ ಹಾಕಿದರೆ 56, ಐದರಂತೆ ಹಾಕಿದರೆ 70.

ಎಲ್ಲಕ್ಕಿಂತ ಒಳ್ಳೆಯ ಸಾಧನ ಅಡುಗೆ ಕೋಣೆಗೆ ಬರುತ್ತದೆ. 2021ರ ಡಿಸೆಂಬರಿನಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡುವುದು ಶುರುವಾದದ್ದು ಅಪೌಷ್ಟಿಕತೆ ಹೆಚ್ಚಿರುವ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ಜತೆಗೆ ವಿಜಯಪುರದಲ್ಲಿ. ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಮೂವತ್ತು ಮೊಟ್ಟೆಯ ಟ್ರೇ ಒಂದು ಕಡೆ ಐದು, ಇನ್ನೊಂದು ಕಡೆ ಆರು. ತಿರುಗಿಸಿದರೆ ಸಾಲು ಕಂಬಸಾಲಾಗುತ್ತದೆ, ಮೊಟ್ಟೆ ಅಷ್ಟೇ. ಮೊಟ್ಟೆ ತಿನ್ನುವ 84 ಮಕ್ಕಳಿದ್ದರೆ ಎರಡು ಟ್ರೇ ತುಂಬ, ಮೂರನೆಯದರಲ್ಲಿ 24. ಆ 24 ಒಂದು ಮಗ್ಗುಲಿಂದ ನೋಡಿದರೆ ಆರರ ನಾಲ್ಕು ಸಾಲು, ಸರಿಯಾಗಿ ಕೂರುತ್ತದೆ. ಇನ್ನೊಂದು ಮಗ್ಗುಲಿಂದ ತುಂಬಿಸಿದರೆ ಐದರ ನಾಲ್ಕು ಸಾಲು, ಮೇಲೆ ನಾಲ್ಕು. ಅಡುಗೆಯವರು ದಿನಾ ಎಸೆಯುವ ಖಾಲಿ ಟ್ರೇ ಒಂದನ್ನು ತರಗತಿಗೆ ತರಿಸಿಕೊಂಡರೆ ಭಾಗಾಕಾರ, ಶೇಷ, ಎರಡೂ ಅದರಲ್ಲಿವೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಊರಿನ ಲೆಕ್ಕ ತನ್ನಷ್ಟಕ್ಕೆ ಶಾಲೆಯ ಲೆಕ್ಕವಾಗುವುದಿಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಎಲಿಜಬೆತ್ ಸ್ಪೆಲ್ಕಿ ಮತ್ತಿತರರು ಕೋಲ್ಕತ್ತ ಮತ್ತು ದೆಹಲಿಯ ಸಂತೆಗಳಲ್ಲಿ ದುಡಿಯುವ ಮಕ್ಕಳನ್ನು ಅಭ್ಯಾಸ ಮಾಡಿ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಬರಹ ಇದನ್ನು ನಿಷ್ಠುರವಾಗಿ ತೋರಿಸುತ್ತದೆ. ವ್ಯಾಪಾರದಲ್ಲಿ ತೂಕ, ದರ, ಚಿಲ್ಲರೆಯನ್ನು ಬಾಯಲ್ಲೇ ಬಿಡಿಸುವ ಮಕ್ಕಳು ಶಾಲೆಯ ರೀತಿಯಲ್ಲಿ ಬರೆದ ಸುಲಭ ಲೆಕ್ಕಕ್ಕೆ ಸೋತರು. ಶಾಲೆಯಲ್ಲಿ ಬಿಡಿಸುವ ಮಕ್ಕಳು ಸಂತೆಯ ಲೆಕ್ಕಕ್ಕೆ ಸೋತರು. ಮುಂಬೈಯ ಧಾರಾವಿಯಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಅರಿಂದಮ್ ಬೋಸ್ ಮತ್ತು ಕೆ. ಸುಬ್ರಮಣ್ಯಂ ಕಂಡದ್ದೂ, ದುಡಿಯುವ ಮಕ್ಕಳಲ್ಲಿ ಲೆಕ್ಕದ ತಿಳಿವು ಧಾರಾಳವಾಗಿದೆ, ತರಗತಿ ಅದನ್ನು ಮುಟ್ಟುವುದು ಕಡಿಮೆ ಎಂಬುದನ್ನೇ. ಗೌಂಡಿಯ ಮಗ ಎಂಬ ಕಾರಣಕ್ಕೆ ಯಾರಿಗೂ ಗುಣಾಕಾರ ಬರುವುದಿಲ್ಲ. ಚಿಂಚೋಳಿಯ ತಾಂಡಾದ ಮಗುವಿಗೆ ಮನೆಯಲ್ಲಿ ಲಂಬಾಣಿ, ಸೇಡಂ ಗಡಿಯ ಕೆಲವು ಮನೆಗಳಲ್ಲಿ ತೆಲುಗು. ಅಡ್ಡಸಾಲು, ಕಂಬಸಾಲು ಎಂಬೆರಡು ಶಬ್ದವೇ ಅವರಿಗೆ ಹೊಸ ಪಾಠ. ಸುಗ್ಗಿ ಮುಗಿದ ಮೇಲೆ ತಂದೆತಾಯಿಯ ಜತೆ ಹೈದರಾಬಾದಿಗೋ ಪುಣೆಗೋ ಹೋಗಿ ತಿಂಗಳುಗಟ್ಟಲೆ ಕಟ್ಟಡದ ಬದಿಯಲ್ಲಿ ಕಳೆದು ಬರುವ ಮಗು ಇಟ್ಟಿಗೆ ಸಾಲು ಕಂಡಿರುತ್ತದೆ, ಆ ಪಾಠದ ವಾರ ತಪ್ಪಿಸಿಕೊಂಡಿರುತ್ತದೆ. ಕಂಡದ್ದನ್ನು ಪಾಟಿಯ ಅಂಕಿಗೆ ತಂದು ಕೂಡಿಸುವ ಕೆಲಸ ಮಾಸ್ತರರದ್ದೇ, ಅದಕ್ಕೆ ಸಮಯ ಬೇಕು, ವಾರಕ್ಕೊಂದು ಪಾಠ ಮುಗಿಸುವ ವೇಳಾಪಟ್ಟಿಯಲ್ಲಿ ಆ ಸಮಯ ಇಲ್ಲ.

ಪುಸ್ತಕದ ಲೆಕ್ಕಗಳಲ್ಲಿ ಇನ್ನೊಂದು ಕೊರತೆ ಇದೆ. ಅಲ್ಲಿನ ಕೋಣೆಗಳೆಲ್ಲ ಕಲ್ಲಿಗೆ ಹೇಳಿ ಕಟ್ಟಿಸಿದಂತಿರುತ್ತವೆ, ಯಾವುದೂ ಉಳಿಯುವುದಿಲ್ಲ. ನಿಜದ ಕೋಣೆ ಹನ್ನೆರಡಡಿಗೆ ಹನ್ನೊಂದಡಿ ಇರುತ್ತದೆ. ಆರರ ಐದು ಸಾಲು ಹಾಸಿದ ಮೇಲೆ ಗೋಡೆಯ ಬುಡದಲ್ಲಿ ಒಂದಡಿಯ ಪಟ್ಟಿ ಉಳಿಯುತ್ತದೆ, ಅಲ್ಲಿಗೆ ಆರು ಅರ್ಧ ಕಲ್ಲು ಬೇಕು. ಭಿನ್ನರಾಶಿ ಎಂಬ ಶಬ್ದ ತೆಗೆಯದೆ, ಎಷ್ಟು ಪೂರ್ತಿ ಕಲ್ಲು ಕತ್ತರಿಸಬೇಕು ಎಂದು ಮೂರನೇ ತರಗತಿಯಲ್ಲಿ ಕೇಳಬಹುದು. ಮೂರು, ಒಟ್ಟು 33 ಎಂಬುದು ಪುಸ್ತಕಕ್ಕೆ ಒಪ್ಪುವ ಉತ್ತರ. ಕತ್ತರಿಸುವಾಗ ಒಡೆಯುತ್ತವೆ, 35 ತರಿಸಬೇಕು ಎಂದು ಯಾವುದಾದರೂ ಮಗು ಬರೆದರೆ ಅದಕ್ಕೂ ಪೂರ್ತಿ ಅಂಕ ಕೊಡಬೇಕು.